'ಕ್ಯಾರಿ ಆನ್ ಕೌಬಾಯ್': ಚೆನ್ನಾಗಿದೆಯಾ, ಇಲ್ಲ ಸಪ್ಪೆಯಾ? ನೀವೇ ಹೇಳಿ

ಹಳೇಟಾಕೀಸು
ಎಲ್ಲರಿಗೂ ನಮಸ್ಕಾರ. ಮೊನ್ನೆ ಭಾನುವಾರ ಮನೆಯಲ್ಲಿ ಹೋಳಿಗೆ ಊಟ. ಊಟ ಮುಗಿಸಿ ನಾನೂ ನನ್ನ ಭಾವಮೈದುನನೂ 'ಕ್ಯಾರಿ ಆನ್ ಕೌಬಾಯ್' ಹಾಕಿಕೊಂಡು ಕೂತೆವು. ಗೊತ್ತಿಲ್ಲದವರಿಗೆ: 'ಕ್ಯಾರಿ ಆನ್' ಅಂದರೆ ಬ್ರಿಟನ್ನಿನ ಪೋಲಿ ಹಾಸ್ಯದ ಸಿನಿಮಾ ಸರಣಿ. ಇದು ಅದರಲ್ಲಿ ವೆಸ್ಟರ್ನ್, ಅಂದರೆ ಅಮೆರಿಕದ ಕೌಬಾಯ್ ಸಿನಿಮಾಗಳ ಅಣಕ. ನನಗೆ ಎಷ್ಟನೇ ಸಲವೋ ಲೆಕ್ಕ ಇಲ್ಲ. ಅವನೂ ಈ ಸರಣಿಯ ಹುಚ್ಚ. ಮುಗಿದ ಮೇಲೆ ಅವನು ಹೇಳಿದ್ದು ಕೇಳಿ: "ವೆಸ್ಟರ್ನ್ ಆಗಿ ಪರವಾಗಿಲ್ಲ ಭಾವ. ಕ್ಯಾರಿ ಆನ್ ಆಗಿ ಸಪ್ಪೆ."

ನನಗೆ ಸಿಟ್ಟು ಬಂತು. ನನ್ನ ಪ್ರಕಾರ ಇಡೀ ಸರಣಿಯಲ್ಲಿ ಇದೇ ಮೇಲು. ಕಾರಣ ಏನಂದರೆ, ಇದರಲ್ಲಿ ಕಥೆ ಇದೆ. ಸ್ಟಾಡ್ಜ್ ಸಿಟಿ ಅನ್ನುವ ಊರಿಗೆ ರಂಪೋ ಕಿಡ್ ಅನ್ನುವ ರೌಡಿ ಬರುತ್ತಾನೆ. ಊರ ಶೆರಿಫ್‌ನನ್ನು ಕೊಲ್ಲುತ್ತಾನೆ. ಸರ್ಕಾರ ಒಬ್ಬ ಮಾರ್ಷಲ್‌ನನ್ನು, ಅಂದರೆ ಕಾನೂನು ಕಾಯುವ ಅಧಿಕಾರಿಯನ್ನು ಕಳಿಸುತ್ತದೆ. ಬಂದವನು ಮಾರ್ಷಲ್ ಅಲ್ಲವೇ ಅಲ್ಲ. ಚರಂಡಿ ಕೆಲಸದ ಇಂಗ್ಲಿಷ್ ಹುಡುಗ, ಹೆಸರು ಮಾತ್ರ ಮಾರ್ಷಲ್! ಈ ಎಳೆಯನ್ನು ನಗಿಸದೇ ಬರೆದರೂ ಒಂದು ಸಿನಿಮಾ ಆಗುತ್ತಿತ್ತು. ಅದಕ್ಕೇ ನಗುವೂ ಗಟ್ಟಿಯಾಗಿ ನಿಲ್ಲುತ್ತದೆ.

ನೀವು ಯಾರ ಕಡೆ?

ಬಸವನಗುಡಿ_ಬಾಬು
ನಿಮ್ಮ ಕಡೆ. ಮುಂದಿನ ಪ್ರಶ್ನೆ?

ಡೈರಿಹುಳ
ನಾನು ಭಾವಮೈದುನನ ಕಡೆ. ಕ್ಷಮಿಸಿ.

ಕ್ಯಾರಿ ಆನ್ ಅಂದರೆ ಏನು? ಒಂದು ಆಸ್ಪತ್ರೆ, ಒಂದು ಬ್ಯಾರಕ್ಕು, ಒಂದು ಟ್ಯಾಕ್ಸಿ ಕಂಪನಿ. ಅಲ್ಲಿ ನಾಲ್ಕು ಜನ ಪೋಲಿ ಮಾತಾಡುತ್ತಾ ಓಡಾಡಬೇಕು. ಇಲ್ಲಿ ನೋಡಿ, ಹತ್ತು ನಿಮಿಷ ಕುದುರೆ ಓಡುತ್ತದೆ, ಬಂದೂಕು ಹಾರುತ್ತದೆ, ಆಮೇಲೆ ಒಂದು ಜೋಕು. ಇದು ಸರಣಿಯ ಹತ್ತನೇ ಚಿತ್ರ. ಅಷ್ಟು ಹೊತ್ತಿಗೆ ಅವರಿಗೇ ಬೇಜಾರಾಗಿ ಬೇರೆ ಏನಾದರೂ ಮಾಡೋಣ ಅಂತ ಹೊರಟಿದ್ದಾರೆ, ಅಷ್ಟೇ.

ಸುಮ್ನೆ_ಓದುಗ
ಹತ್ತನೇದಲ್ಲ, ಹನ್ನೊಂದನೇದು. ಹತ್ತನೇದು 'ಕ್ಲಿಯೋ', 1964.

ಡೈರಿಹುಳ
ಸರಿ, ಹನ್ನೊಂದು. ಬೇಜಾರು ಇನ್ನೂ ಒಂದು ಸಿನಿಮಾದಷ್ಟು ಜಾಸ್ತಿ ಆಗಿರಬೇಕು ಹಾಗಾದರೆ.

ಲೀಡ್ಸ್‌ಕನ್ನಡತಿ
ನಾನು ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಈ ಸಿನಿಮಾ ಟೀವಿಯಲ್ಲಿ ನೋಡಿದ್ದೆ. ರಜೆಯ ಮಧ್ಯಾಹ್ನ, ಹೊರಗೆ ಮಳೆ. ಏನೂ ಅರ್ಥ ಆಗಲಿಲ್ಲ. ಪಕ್ಕದ ಮನೆಯ ಅಜ್ಜಿ ಬಂದು ಒಂದೊಂದೇ ಹೆಸರು ಬಿಡಿಸಿ ಹೇಳಿದ ಮೇಲೆ ನಗು ಬಂತು. ಹೊಸಬರಿಗೆ ಉಪಯೋಗ ಆಗಲಿ ಅಂತ ಬರೆಯುತ್ತೇನೆ.

ಅಮೆರಿಕದಲ್ಲಿ ಡಾಡ್ಜ್ ಸಿಟಿ ಅಂತ ನಿಜವಾದ ಊರಿದೆ, ಕಾನ್ಸಾಸ್‌ನಲ್ಲಿ. ಗುಂಡಿನ ಕಾಳಗದ ಕಥೆಗಳಿಗೆ ಹೆಸರುವಾಸಿ. ಇವರು ಅದನ್ನು ಸ್ಟಾಡ್ಜ್ ಸಿಟಿ ಮಾಡಿದರು. ಸ್ಟಾಡ್ಜ್ ಅಂದರೆ ಮುದ್ದೆ ತರಹ ಭಾರವಾದ, ತಿಂದರೆ ಹೊಟ್ಟೆಯಲ್ಲಿ ಕಲ್ಲಾಗಿ ಕೂರುವ ಊಟ. ನಾಯಕನ ಹೆಸರು ಮಾರ್ಷಲ್ ಪಿ. ನಟ್. ಜೋರಾಗಿ ಹೇಳಿ ನೋಡಿ: ಪೀನಟ್, ಕಡಲೆಕಾಯಿ! ಕೆನೆತ್ ವಿಲಿಯಮ್ಸ್ ಮಾಡಿರುವ ಜಡ್ಜ್ ಹೆಸರು ಬರ್ಕ್. ಅದು ಇಲ್ಲಿ ಪೆದ್ದ ಅನ್ನೋದಕ್ಕೆ ಬೈಗುಳ. ಅದರ ಹುಟ್ಟು ಲಂಡನ್ನಿನ ಪ್ರಾಸದ ಆಡುಮಾತಿನಲ್ಲಿದೆ. ಮೂಲ ಅರ್ಥ ಇಲ್ಲಿ ಬರೆಯೋ ಹಾಗಿಲ್ಲ. ಅಜ್ಜಿಯೂ ಹೇಳಲಿಲ್ಲ, ಮುಸಿಮುಸಿ ನಕ್ಕರು ಅಷ್ಟೇ.

ಬಸವನಗುಡಿ_ಬಾಬು
ಕಡಲೆಕಾಯಿ ಮಾರ್ಷಲ್! ಅಕ್ಕ, ಇಷ್ಟು ವರ್ಷ ನೋಡಿದ್ದೇನೆ, ಇದು ಹೊಳೆದೇ ಇರಲಿಲ್ಲ. ನಮ್ಮ ಪರಿಷೆಗೆ ಕರೆಸಬೇಕಿತ್ತು ಅವನನ್ನು.

ಮುದ್ದೆಪ್ರಿಯ
ಒಂದು ನಿಮಿಷ. ಮುದ್ದೆ ಹೊಟ್ಟೆಯಲ್ಲಿ ಕಲ್ಲಾಗುತ್ತದೆ ಅಂತ ಯಾರು ಹೇಳಿದ್ದು? ನಮ್ಮ ಮಂಡ್ಯ ಕಡೆ ಬನ್ನಿ ಮೇಡಂ. ಬಸ್ಸಾರಿನ ಜೊತೆ ಎರಡು ಮುದ್ದೆ ನುಂಗಿ, ಗದ್ದೆಗೆ ಹೋಗಿ ಬನ್ನಿ. ಆಮೇಲೆ ಮಾತಾಡೋಣ.

ಲೀಡ್ಸ್‌ಕನ್ನಡತಿ
ಅಯ್ಯೋ ಅಣ್ಣ, ಹೋಲಿಕೆಗೆ ಹೇಳಿದೆ. ನಮ್ಮ ಮನೆಯಲ್ಲೂ ರಾತ್ರಿ ಮುದ್ದೆಯೇ.

ಮುದ್ದೆಪ್ರಿಯ
ಹಾಗಾದರೆ ಸರಿ. ಸಿನಿಮಾ ಮುಂದುವರಿಸಿ.

ಕೊಡಿಯಾಲ_ಕಿಟ್ಟ
ನನಗೆ ಈ ಸಿನಿಮಾ ರಂಪೋ ಕಿಡ್ ಆಗಿರುವ ಸಿಡ್ ಜೇಮ್ಸ್‌ಗೋಸ್ಕರ ಇಷ್ಟ ಮಾರಾಯ್ರೆ. ಶುರುವಿನ ದೃಶ್ಯವೇ ಸಾಕು. ಖಾಲಿ ಬೀದಿ. ಮೂರು ಜನ ಎದುರಿಗೆ ಬರುತ್ತಾರೆ. ಈತ ಮೂವರನ್ನೂ ಹೊಡೆದು ಉರುಳಿಸುತ್ತಾನೆ. ಆಮೇಲೆ, ಪಾಪ ಇವರಿಗೆ ಏನು ಬೇಕಿತ್ತೋ ಅಂತ ಯೋಚಿಸುತ್ತಾನೆ! ಇಡೀ ಪಾತ್ರ ಅಲ್ಲಿಯೇ ಮುಗಿಯಿತು. ಕೆಟ್ಟವನು, ಆದರೆ ಅವನ ಮೇಲೆ ಸಿಟ್ಟೇ ಬರುವುದಿಲ್ಲ.

ಮತ್ತೆ, ಸಿಡ್ ಹುಟ್ಟಿದ್ದು ಜೊಹಾನ್ಸ್‌ಬರ್ಗ್‌ನಲ್ಲಿ, 1913ರಲ್ಲಿ. ನಟ ಆಗುವ ಮೊದಲು ಕ್ಷೌರದ ಕೆಲಸ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿಗೆ ಬಂದವರು. ಈ ಸಿನಿಮಾದಲ್ಲಿ ಅಮೆರಿಕದ ಮಾತಿನ ಧಾಟಿ ಹಿಡಿದಿದ್ದಾರೆ. ಬೇರೆಯವರ ಧಾಟಿ ಆಗಾಗ ಜಾರುತ್ತದೆ, ಇವರದು ಅಷ್ಟಾಗಿ ಜಾರುವುದಿಲ್ಲ.

ಡೈರಿಹುಳ
ಜಾರುತ್ತದೆ. ಕಿವಿಗೊಟ್ಟು ಕೇಳಿ.

ಕೊಡಿಯಾಲ_ಕಿಟ್ಟ
ನಾನು ಕೇಳಿದ್ದೇನೆ. ನೀವು ಕೇಳುವಾಗ ಫ್ಯಾನ್ ಜೋರಾಗಿತ್ತೋ ಏನೋ.

ಮಲೆನಾಡ_ಮಳೆ
ಬಾರ್ಬರಾ ವಿಂಡ್ಸರ್ ಹಾಡು ಹೇಳುವ ಸಲೂನ್ (ಕ್ಷೌರದ್ದಲ್ಲ, ಕೌಬಾಯ್‌ಗಳ ಬಾರ್) ದೃಶ್ಯ ನನಗೆ ತುಂಬಾ ಇಷ್ಟ.

ಸುಮ್ನೆ_ಓದುಗ
ಬಾರ್ಬರಾ ವಿಂಡ್ಸರ್ ಈ ಸಿನಿಮಾದಲ್ಲಿ ಇಲ್ಲ. ಹಾಡುವುದು ಏಂಜೆಲಾ ಡಗ್ಲಸ್, ಆ್ಯನಿ ಓಕ್ಲಿ ಪಾತ್ರ. ಸಲೂನಿನ ಒಡತಿ ಬೆಲ್ ಆಗಿರುವುದು ಜೋನ್ ಸಿಮ್ಸ್. ಸರಣಿಯಲ್ಲಿ ಆಗಾಗ ಕಾಣುವ ಹ್ಯಾಟಿ ಜಾಕ್ಸ್ ಇಲ್ಲ, ಕೆನೆತ್ ಕಾನರ್ ಕೂಡ ಇಲ್ಲ.

ಮಲೆನಾಡ_ಮಳೆ
ಇಷ್ಟು ವರ್ಷ ನಾನು ಯಾರನ್ನು ನೋಡಿ ಖುಷಿಪಟ್ಟೆ ಹಾಗಾದರೆ?

ಸುಮ್ನೆ_ಓದುಗ
ಏಂಜೆಲಾ ಡಗ್ಲಸ್‌ಳನ್ನು. ಖುಷಿ ವಾಪಸ್ ಕೊಡಬೇಕಾಗಿಲ್ಲ.

ಹುಬ್ಬಳ್ಳಿ_ಹುಡುಗಿ
ಏಂಜೆಲಾ ಡಗ್ಲಸ್ ಹೆಸರು ಬಂತಲ್ಲ, ನಾನೂ ಒಂದು ಮಾತು ಹೇಳುತ್ತೇನ್ರಿ. ಈ ಸಿನಿಮಾದ ನಿಜವಾದ ಹೀರೋ ಆಕೆ. ಸತ್ತ ಶೆರಿಫ್‌ನ ಮಗಳು. ಅಪ್ಪನನ್ನು ಕೊಂದವನನ್ನು ಹುಡುಕಿಕೊಂಡು ಬಂದಿದ್ದಾಳೆ. ಕುದುರೆಗಾಡಿಯ ಮೇಲೆ ದಾಳಿ ಆದಾಗ ಗುರಿಯಿಟ್ಟು ಹೊಡೆಯುವವಳು ಆಕೆ. ನಮ್ಮ ಕಡಲೆಕಾಯಿ ಸಾಹೇಬ ಎಲ್ಲ ತಾನೇ ಹೊಡೆದೆ ಅಂತ ಬೀಗುತ್ತಾನೆ. ಆಮೇಲೆ ಅವನಿಗೆ ಬಂದೂಕು ಹಿಡಿಯೋದು ಕಲಿಸುವವಳೂ ಆಕೆಯೇ. ಕ್ಯಾರಿ ಆನ್‌ನಲ್ಲಿ ಹೆಂಗಸರನ್ನು ಬರೀ ನೋಡೋಕೆ ಇಟ್ಟಿರುತ್ತಾರೆ ಅಂತ ಬೈಯುವವರು ಇದನ್ನು ಒಮ್ಮೆ ನೋಡಲಿ.

ಡೈರಿಹುಳ
ಆದರೂ ಬಿಗಿ ಬಟ್ಟೆ ಹಾಕಿಸಿ ಹಾಡು ಹೇಳಿಸಿದ್ದಾರಲ್ಲ?

ಹುಬ್ಬಳ್ಳಿ_ಹುಡುಗಿ
ಬಿಗಿ ಬಟ್ಟೆ ಹಾಕಿಕೊಂಡವಳಿಗೆ ಗುರಿ ತಪ್ಪುತ್ತದೇನ್ರಿ?

ಹಳೇಟಾಕೀಸು
ಹುಬ್ಬಳ್ಳಿಯವರೇ, ನೂರಕ್ಕೆ ನೂರು. ನಾನು ಹೇಳಬೇಕಾಗಿದ್ದು ಇದೇ. ಇಲ್ಲಿ ಒಬ್ಬ ಮಗಳಿಗೆ ನಿಜವಾದ ನೋವಿದೆ, ಒಬ್ಬ ರೌಡಿ ನಿಜವಾಗಿ ಜನರನ್ನು ಕೊಲ್ಲುತ್ತಾನೆ. ಯಾರೂ ನಮ್ಮ ಕಡೆ ತಿರುಗಿ ಕಣ್ಣು ಹೊಡೆದು "ನೋಡಿ, ಇದು ತಮಾಷೆ" ಅನ್ನುವುದಿಲ್ಲ.

ನಲ್ಲಿನೀರು
ನಾನು ಮೂವತ್ತು ವರ್ಷ ನೀರು, ಒಳಚರಂಡಿ ಕೆಲಸದಲ್ಲಿದ್ದು ನಿವೃತ್ತನಾದವನು. ನನ್ನ ಮಟ್ಟಿಗೆ ಇದು ಪ್ರಪಂಚದ ಅತ್ಯುತ್ತಮ ಸಿನಿಮಾ. ನಗಬೇಡಿ. ಬೇರೆ ಯಾವ ಸಿನಿಮಾದಲ್ಲಿ ಒಳಚರಂಡಿ ಇಂಜಿನಿಯರ್ ಹೀರೋ ಆಗಿದ್ದಾನೆ, ತೋರಿಸಿ?

ಕೊನೆಯಲ್ಲಿ ಅವನಿಗೆ ಬಂದೂಕಿಗಿಂತ ಚರಂಡಿ ಚೆನ್ನಾಗಿ ಗೊತ್ತು. ಒಂದು ಮ್ಯಾನ್‌ಹೋಲ್‌ನಲ್ಲಿ ಮುಳುಗಿ ಇನ್ನೊಂದರಲ್ಲಿ ಎದ್ದು, ರೌಡಿಗಳನ್ನು ಬೆನ್ನ ಹಿಂದಿನಿಂದ ಹೊಡೆಯುತ್ತಾನೆ. ವೆಸ್ಟರ್ನ್‌ಗಳಲ್ಲಿ ಊರಿನ ನಡುಬೀದಿಯಲ್ಲಿ ಇಬ್ಬರು ಎದುರುಬದುರು ನಿಂತು ಹೊಡೆದಾಡುವುದು ಸಂಪ್ರದಾಯ. ಇವನು ಬೀದಿಗೇ ಬರುವುದಿಲ್ಲ, ಬೀದಿಯ ಕೆಳಗೆ ಹೋಗುತ್ತಾನೆ! ಯಾರಿಗೆ ಹೊಳೆಯುತ್ತದೆ ಸ್ವಾಮಿ ಇದು?

ತಾಂತ್ರಿಕವಾಗಿ ಒಂದು ತಕರಾರಿದೆ. ಷಿಕಾಗೋದಂಥ ದೊಡ್ಡ ಊರಿಗೇ ಒಳಚರಂಡಿ ಯೋಜನೆ ಬಂದಿದ್ದು 1855ರ ಸುಮಾರಿಗೆ. ಅದಕ್ಕಾಗಿ ಬೀದಿಗಳನ್ನೇ ಎತ್ತರಿಸಿದರು. ಒಂದೇ ಬೀದಿಯ ಈ ಧೂಳೂರಿಗೆ ಆಳು ನಿಲ್ಲುವಷ್ಟು ದೊಡ್ಡ ಚರಂಡಿ ಎಲ್ಲಿಂದ ಬಂತು?

ಬಸವನಗುಡಿ_ಬಾಬು
ಸಾರ್, ಇದು ಸಿನಿಮಾ.

ನಲ್ಲಿನೀರು
ಗೊತ್ತಪ್ಪ. ಆದರೂ ಇಳಿಜಾರು ಎಷ್ಟು ಕೊಟ್ಟಿರಬಹುದು ಅಂತ ಪ್ರತಿ ಸಲ ಯೋಚನೆ ಬರುತ್ತದೆ.

ಬಸವನಗುಡಿ_ಬಾಬು
ನಮ್ಮ ಬೀದಿಯ ಮ್ಯಾನ್‌ಹೋಲ್ ಮುಚ್ಚಳ ಒಡೆದು ನಾಲ್ಕು ತಿಂಗಳಾಯಿತು. ಮೂರು ಸಲ ದೂರು ಕೊಟ್ಟಿದ್ದೇನೆ. ಯಾರೋ ಪುಣ್ಯಾತ್ಮರು ಅದರೊಳಗೆ ಒಂದು ಮರದ ಕೊಂಬೆ ನೆಟ್ಟಿದ್ದಾರೆ. ನಿಮ್ಮ ಮಾರ್ಷಲ್ ನಮ್ಮ ಬೀದಿಯಲ್ಲಿ ಎದ್ದರೆ ಕಣ್ಣಿಗೇ ಚುಚ್ಚುತ್ತದೆ.

ನಲ್ಲಿನೀರು
ಫೋಟೋ ಸಮೇತ ಮತ್ತೊಮ್ಮೆ ದೂರು ಕೊಡಿ. ಹಳೆಯ ದೂರಿನ ಸಂಖ್ಯೆಯನ್ನೂ ಹಾಕಿ.

ತುಂಗಾತೀರ
ಎಲ್ಲರೂ ಹೊಗಳುತ್ತಿದ್ದೀರಿ. ನನಗೆ ನೋಡುವಾಗ ಕಸಿವಿಸಿ ಆದ ವಿಷಯ ಯಾರೂ ಎತ್ತಲೇ ಇಲ್ಲ. ಚಾರ್ಲ್ಸ್ ಹಾಟ್ರಿ ಬಿಗ್ ಹೀಪ್ ಅನ್ನುವ ಬುಡಕಟ್ಟು ನಾಯಕ. ಬರ್ನಾರ್ಡ್ ಬ್ರೆಸ್ಲಾ ಅವನ ಮಗ ಲಿಟ್ಲ್ ಹೀಪ್. ಇಬ್ಬರೂ ಬಿಳಿಯರು, ಮೈಗೆ ಬಣ್ಣ ಬಳಿದುಕೊಂಡು ತಲೆಗೆ ಗರಿ ಸಿಕ್ಕಿಸಿಕೊಂಡಿದ್ದಾರೆ. ಅಮೆರಿಕದ ಮೂಲನಿವಾಸಿಗಳನ್ನು ಕುಡುಕರ ಹಾಗೆ ತೋರಿಸುವುದು, ಅವರ ಹೆಸರುಗಳನ್ನು ಆಡಿಕೊಳ್ಳುವುದು, ಇದೆಲ್ಲ ಇವತ್ತು ನೋಡಿದರೆ ಚುಚ್ಚುತ್ತದೆ.

ಕೊಡಿಯಾಲ_ಕಿಟ್ಟ
ಅಲ್ಲ ಮಾರಾಯ್ರೆ, ಅಲ್ಲಿ ತಮಾಷೆ ಅವರ ಮೇಲಲ್ಲ. ಹಾಟ್ರಿ ಡೇರೆಯಿಂದ ಹೊರಗೆ ಬಂದು ಮಾತಾಡುವುದು ಇಂಗ್ಲೆಂಡಿನ ಮರ್ಯಾದಸ್ಥ ಅಂಕಲ್ ಥರ. ಹಾಲಿವುಡ್ ವೆಸ್ಟರ್ನ್‌ಗಳಲ್ಲಿ ಬಿಳಿ ನಟರು ಗಂಟುಮುಖ ಹಾಕಿಕೊಂಡು ಇದೇ ವೇಷ ಹಾಕುತ್ತಿದ್ದರು. ಇವರು ಆ ವೇಷವನ್ನೇ ಗೇಲಿ ಮಾಡಿದ್ದಾರೆ.

ತುಂಗಾತೀರ
ಹಾಲಿವುಡ್ಡಿಗೆ ಗೇಲಿ, ಒಪ್ಪುತ್ತೇನೆ. ಆದರೆ ಆ ಗೇಲಿಗೆ ಬಳಕೆಯಾದ ಮೈಬಣ್ಣ ಯಾರದು? ಮೂರು ವರ್ಷ ಮುಂದೆ ಹೋಗಿ. ಇದೇ ಸರಣಿಯ, 1968ರ 'ಅಪ್ ದ ಖೈಬರ್'. ಆಗ ಇದೇ ತಂಡ ನಮ್ಮ ಇಂಡಿಯನ್ನರಾದರು. ಕೆನೆತ್ ವಿಲಿಯಮ್ಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ರಾಜ. ಬ್ರೆಸ್ಲಾ ಮತ್ತೆ ಬಣ್ಣ ಬಳಿದುಕೊಂಡು ಪಠಾಣ. ಆ ರಾಜನ ಬಿರುದು ಖಾಸಿ. ಬ್ರಿಟಿಷರ ಆಡುಮಾತಿನಲ್ಲಿ ಅದು ಪಾಯಿಖಾನೆಗೆ ಹೆಸರು. ಅವನ ಸ್ವಂತ ಹೆಸರಂತೂ ನಮ್ಮ ಭಾಷೆಯಲ್ಲಿ ಬರೆದರೆ ನನ್ನ ಖಾತೆಯೇ ಹೋಗುತ್ತದೆ. ಆ ಇಂಡಿಯನ್, ಈ ಇಂಡಿಯನ್, ಇಬ್ಬರಿಗೂ ಒಂದೇ ಡಬ್ಬಿಯ ಬಣ್ಣ.

ಸುಮ್ನೆ_ಓದುಗ
ಆ ಖೈಬರ್ ಕಣಿವೆ ಇದ್ದಿದ್ದು ವೇಲ್ಸ್‌ನ ಸ್ನೋಡೋನಿಯಾದಲ್ಲಿ, ಗೊತ್ತಿರಲಿ.

ಲೀಡ್ಸ್‌ಕನ್ನಡತಿ
ತುಂಗಾತೀರ ಹೇಳಿದ್ದು ನಿಜ. ನನ್ನ ಮಗಳ ಜೊತೆ ಕೂತು ನೋಡಿದಾಗ ಅವಳು ಕೇಳಿದಳು, "ಅಮ್ಮ, ಇವರು ಯಾಕೆ ಹಾಗೆ ಬಣ್ಣ ಬಳಿದುಕೊಂಡಿದ್ದಾರೆ?" ನಾನು ಕಾಫಿ ತರೋ ನೆಪ ಮಾಡಿ ಎದ್ದೆ. ಆದರೂ ಹಾಟ್ರಿ ಡೇರೆಯಿಂದ ಹೊರಗೆ ಬರುವಾಗ ಹಿಂದೆ ಕಮೋಡಿನ ನೀರು ಹರಿಯುವ ಶಬ್ದ ಕೇಳಿಸುತ್ತದಲ್ಲ, ಅದಕ್ಕೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಎರಡೂ ಒಟ್ಟಿಗೇ ಆಯಿತು. ಏನು ಮಾಡೋದು ಹೇಳಿ?

ನಲ್ಲಿನೀರು
ಅಲ್ಲಿಯೂ ಒಳಚರಂಡಿ! ನಾನು ಹೇಳಲಿಲ್ಲವಾ?

ಮಲೆನಾಡ_ಮಳೆ
ಲೊಕೇಶನ್ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ. ಆ ಮರಳುಗಾಡು ಎಲ್ಲಿಯದು? ಸ್ಪೇನಾ? ಇಟಲಿಯವರ ವೆಸ್ಟರ್ನ್‌ಗಳೆಲ್ಲ ಅಲ್ಲೇ ತೆಗೆದಿದ್ದಲ್ವಾ?

ಸುಮ್ನೆ_ಓದುಗ
ಸ್ಪೇನ್ ಅಲ್ಲ, ಸರ್ರೆ. ಲಂಡನ್ನಿನ ಪಕ್ಕದ ಜಿಲ್ಲೆ. ಚೋಬಮ್ ಕಾಮನ್ ಅಂತ ಕುರುಚಲು ಬಯಲಿದೆ, ನೆಲ ಸ್ವಲ್ಪ ಮರಳು ಮರಳು. ಈಗ ಅದರ ನಡುವೆಯೇ ಎಂ3 ಹೆದ್ದಾರಿ ಹೋಗುತ್ತದೆ. ಕಾಡಿನ ದೃಶ್ಯಗಳು ಬ್ಲ್ಯಾಕ್ ಪಾರ್ಕ್‌ನಲ್ಲಿ. ಅದು ಪೈನ್‌ವುಡ್ ಸ್ಟುಡಿಯೋದ ಬೇಲಿಗೆ ಅಂಟಿಕೊಂಡೇ ಇದೆ. ಊರಿನ ಬೀದಿಯ ಸೆಟ್ ಪೈನ್‌ವುಡ್‌ನಲ್ಲಿ. ಚಿತ್ರೀಕರಣ 1965ರ ಬೇಸಿಗೆಯಲ್ಲಿ. ಆ ಬೇಸಿಗೆ ಅಂದರೆ ಇಂಗ್ಲೆಂಡಿನ ಬೇಸಿಗೆ. ದೂರದಲ್ಲಿ ಹಸಿರು ಹುಲ್ಲು ಕಂಡರೆ ಆಶ್ಚರ್ಯ ಪಡಬೇಡಿ.

ಬಸವನಗುಡಿ_ಬಾಬು
ನಗೋದೇನಿದೆ ಅದರಲ್ಲಿ? 'ಶೋಲೆ'ಯ ರಾಮಗಢ ನಮ್ಮ ರಾಮನಗರದಲ್ಲಿ ಇರಲಿಲ್ಲವಾ? ವೆಸ್ಟರ್ನ್‌ಗೆ ಕುದುರೆ, ಬಂಡೆ, ಧೂಳು ಇದ್ದರೆ ಸಾಕು.

ಮಲೆನಾಡ_ಮಳೆ
ನಮ್ಮ ತೀರ್ಥಹಳ್ಳಿಯಲ್ಲಿ ವೆಸ್ಟರ್ನ್ ತೆಗೆದರೆ ಕೌಬಾಯ್‌ಗಳು ಗೊರಬು ಹಾಕಿಕೊಂಡು ಬರಬೇಕಾಗುತ್ತದೆ.

ಕೊಡಿಯಾಲ_ಕಿಟ್ಟ
ಜಿಗಣೆಗಳೇ ವಿಲನ್!

ಹುಬ್ಬಳ್ಳಿ_ಹುಡುಗಿ
ಸರ್ರೆ ಅಂತ ಗೊತ್ತಾದ ಮೇಲೂ ಅದು ಸರ್ರೆ ಥರ ಕಾಣೋದಿಲ್ಲ, ಅದೇ ವಿಶೇಷ. ಕ್ಯಾಮೆರಾ ಅಲನ್ ಹ್ಯೂಮ್ ಅವರದು. ಅದೇ ಮನುಷ್ಯ 1983ರಲ್ಲಿ ಸ್ಟಾರ್ ವಾರ್ಸ್ ಸರಣಿಯ 'ರಿಟರ್ನ್ ಆಫ್ ದ ಜೇಡೈ' ಛಾಯಾಗ್ರಹಣ ಮಾಡಿದವರು. ಅದೇ ಕಾಲದಲ್ಲಿ ಮೂರು ಬಾಂಡ್ ಚಿತ್ರಗಳನ್ನೂ ಮಾಡಿದರು. ಕಡಿಮೆ ದುಡ್ಡಿನ ಸಿನಿಮಾ ಅಂತ ಯಾರೂ ಕೈ ಬಿಟ್ಟು ಕೆಲಸ ಮಾಡಿಲ್ಲ.

ಡೈರಿಹುಳ
ದುಡ್ಡಿನ ಮಾತು ಬಂತು. ದೊಡ್ಡ ನಟರಿಗೆ ಒಂದು ಸಿನಿಮಾಕ್ಕೆ ಐದು ಸಾವಿರ ಪೌಂಡು, ಅಷ್ಟೇ. ಸಿನಿಮಾಗಳು ಓಡಿದರೂ ಲಾಭದಲ್ಲಿ ಪಾಲಿಲ್ಲ. ವಿಲಿಯಮ್ಸ್ ಡೈರಿಗಳಲ್ಲಿ ಈ ಸರಣಿಯ ಮೇಲಿನ ಗೊಣಗಾಟ ಪುಟಗಟ್ಟಲೆ ಇದೆ. ಆದರೂ ಎಲ್ಲರಿಗಿಂತ ಜಾಸ್ತಿ ಕ್ಯಾರಿ ಆನ್ ಮಾಡಿದ್ದು ಅವರೇ.

ಇಲ್ಲಿ ಅವರು ಜಡ್ಜ್ ಬರ್ಕ್. ಮುದುಕನ ಒಡಕು ಗಂಟಲು, ಜೋತುಬಿದ್ದ ಮೀಸೆ. ನನಗೆ ಅದೇ ಬೇಸರ. ವಿಲಿಯಮ್ಸ್ ಅಂದರೆ ಮೂಗು ಅರಳಿಸಿ ಎಲ್ಲರನ್ನೂ ಕೀಳಾಗಿ ನೋಡುವ ಮನುಷ್ಯ. ಅವನನ್ನು ಮೀಸೆಯ ಹಿಂದೆ ಬಚ್ಚಿಟ್ಟರೆ ಹೇಗೆ?

ಹಳೇಟಾಕೀಸು
ಅದೇ ಅಲ್ವಾ ನನ್ನ ವಾದ? ಇಲ್ಲಿ ಯಾರೂ 'ತಾವೇ' ಆಗಿಲ್ಲ. ವಿಲಿಯಮ್ಸ್ ಜಡ್ಜ್ ಆಗಿದ್ದಾರೆ. ಸಿಡ್ ರಂಪೋ ಆಗಿದ್ದಾರೆ.

ಡೈರಿಹುಳ
ನಾನು ಟಿಕೆಟ್ ತಗೊಳ್ಳೋದು ಅವರನ್ನು ನೋಡೋಕೆ, ಜಡ್ಜ್‌ನನ್ನು ನೋಡೋಕಲ್ಲ.

ನ್ಯೂಜೆರ್ಸಿ_ಅಮ್ಮ
ತಡವಾಗಿ ಬಂದೆ. ನಾನು ಈ ಸಿನಿಮಾ ನೋಡಿದ್ದು ಹೋದ ತಿಂಗಳು. ಕಾರಣ ಕೇಳಿದರೆ ನಗುತ್ತೀರಿ. ನನ್ನ ಮಗ ಹ್ಯಾರಿ ಪಾಟರ್ ಕೇಳುಪುಸ್ತಕ ಹಾಕದೆ ಮಲಗುವುದಿಲ್ಲ. ಅಮೆರಿಕದ ಆವೃತ್ತಿ ಓದಿದ್ದು ಜಿಮ್ ಡೇಲ್. ಏಳೂ ಪುಸ್ತಕ, ಪ್ರತಿ ಪಾತ್ರಕ್ಕೆ ಒಂದು ದನಿ. ಈ ಮನುಷ್ಯ ಯಾರು ಅಂತ ಹುಡುಕುತ್ತಾ ಹೋದೆ. ನೋಡಿದರೆ ಈ ಸಿನಿಮಾದ ಮಾರ್ಷಲ್, ಚರಂಡಿಯಿಂದ ತಲೆ ಎತ್ತುತ್ತಿರುವ ಹುಡುಗ! ಆಮೇಲೆ ಬ್ರಾಡ್‌ವೇನಲ್ಲಿ 'ಬಾರ್ನಮ್' ನಾಟಕಕ್ಕೆ ಟೋನಿ ಪ್ರಶಸ್ತಿ ಬೇರೆ. ಮಗನಿಗೆ ತೋರಿಸಿದೆ. "ಇದು ಡಂಬಲ್‌ಡೋರಾ?" ಅಂದ.

ಲೀಡ್ಸ್‌ಕನ್ನಡತಿ
ಎಷ್ಟು ಚೆನ್ನಾಗಿದೆ! ನಮ್ಮ ಮನೆಯಲ್ಲಿ 'ಡಾಕ್ಟರ್ ಹೂ' ಟೀವಿ ಧಾರಾವಾಹಿಯ ಹುಚ್ಚು. ಶೆರಿಫ್ ಆಲ್ಬರ್ಟ್ ಅರ್ಪ್ ಆಗಿರುವ ಜಾನ್ ಪರ್ಟ್ವಿ 1970ರಲ್ಲಿ ಅದರ ಮುಖ್ಯ ಪಾತ್ರಕ್ಕೆ ಬಂದು ಮೂರನೇ ಡಾಕ್ಟರ್ ಆದರು. ಇಲ್ಲಿ ಪಾಪ, ಕಣ್ಣೇ ಸರಿಯಾಗಿ ಕಾಣದ ಶೆರಿಫ್.

ಸುಮ್ನೆ_ಓದುಗ
ನಿಜ ಕಥೆ ಒಂದು ಹೇಳುತ್ತೇನೆ, ಸಿನಿಮಾಕ್ಕಿಂತ ಚೆನ್ನಾಗಿದೆ. 'ಕೌಬಾಯ್'ನಲ್ಲಿ ಊರ ವೈದ್ಯನ ಪಾತ್ರ ಮಾಡಿದ ಪೀಟರ್ ಬಟರ್‌ವರ್ತ್‌ಗೆ ಇದು ಮೊದಲ ಕ್ಯಾರಿ ಆನ್. ಬ್ರೆಸ್ಲಾಗೂ ಮೊದಲನೇದು. ಬಟರ್‌ವರ್ತ್ ಮತ್ತು ಕಥೆ ಬರೆದ ಟಾಲ್ಬಟ್ ರಾತ್‌ವೆಲ್ ಭೇಟಿಯಾಗಿದ್ದು ಯುದ್ಧದ ಸಮಯದಲ್ಲಿ, ಜರ್ಮನ್ನರ ಕೈದಿಗಳಾಗಿ. ಸ್ಟಾಲಾಗ್ ಲುಫ್ಟ್ 3 ಅನ್ನುವ ಶಿಬಿರ. ಅಲ್ಲಿ ಇಬ್ಬರೂ ಸೇರಿ ನಾಟಕ ಆಡುತ್ತಿದ್ದರು.

ಅದೇ ಶಿಬಿರದಲ್ಲಿ 1943ರಲ್ಲಿ ಕೈದಿಗಳು ಮರದ ಕುದುರೆ ಇಟ್ಟು ಹಾರುವ ವ್ಯಾಯಾಮ ಮಾಡುತ್ತಾ, ಅದರ ಕೆಳಗೆ ಸುರಂಗ ಕೊರೆದು ಮೂವರನ್ನು ಪಾರು ಮಾಡಿದರು. ಕುದುರೆಯ ಮೇಲೆ ಹಾರುತ್ತಿದ್ದವರಲ್ಲಿ ಬಟರ್‌ವರ್ತ್ ಕೂಡ ಒಬ್ಬರು. ಯುದ್ಧ ಮುಗಿದ ಮೇಲೆ ಆ ಘಟನೆಯನ್ನೇ ಸಿನಿಮಾ ಮಾಡಿದರು. ಇವರು ಪಾತ್ರ ಕೇಳಿಕೊಂಡು ಹೋದರೆ, ನೀವು ವೀರನ ಥರ ಕಾಣುವುದಿಲ್ಲ ಅಂತ ವಾಪಸ್ ಕಳಿಸಿದರು.

ನಲ್ಲಿನೀರು
ಸುರಂಗ, ಚರಂಡಿ! ಬರೆದವನಿಗೆ ನೆಲದ ಕೆಳಗಿನ ಯೋಚನೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು.

ಡೈರಿಹುಳ
ಅದು ನಿಮ್ಮ ಊಹೆ ಸಾರ್.

ನಲ್ಲಿನೀರು
ಊಹೆಯೇ. ಇಟ್ಟುಕೊಳ್ಳುತ್ತೇನೆ.

ತುಂಗಾತೀರ
ಬಟರ್‌ವರ್ತ್ ಕಥೆ ಗೊತ್ತಿರಲಿಲ್ಲ. ನನ್ನ ತಕರಾರು ಹಾಗೇ ಇದೆ, ಆದರೆ ಇನ್ನೊಮ್ಮೆ ನೋಡುತ್ತೇನೆ.

ಕೊಡಿಯಾಲ_ಕಿಟ್ಟ
ಸಿಡ್ ಕಥೆಯನ್ನೂ ಸೇರಿಸಿಕೊಳ್ಳಿ. 1976ರ ಏಪ್ರಿಲ್‌ನಲ್ಲಿ ಸಂಡರ್‌ಲ್ಯಾಂಡ್‌ನ ರಂಗಮಂದಿರದಲ್ಲಿ ನಾಟಕ ಆಡುತ್ತಲೇ ಕುಸಿದರು. ಇದೂ ತಮಾಷೆಯೇ ಅಂತ ಜನ ನಗುತ್ತಿದ್ದರು.

ಮಲೆನಾಡ_ಮಳೆ
ಅಯ್ಯೋ.

ಸಪ್ಪೆ_ಅಂದವನು
ನಮಸ್ಕಾರ. ಈ ಚರ್ಚೆಯ ಕೊಂಡಿ ಅಕ್ಕ ಕಳಿಸಿದಳು. ಮೇಲೆ ಬೈಸಿಕೊಂಡಿರುವ ಭಾವಮೈದುನ ನಾನೇ. ಡೈರಿಹುಳ ಅವರಿಗೆ ವಂದನೆ.

ನನ್ನ ಮಾತಿಗೆ ನಾನು ಬದ್ಧ. ರಂಪೋ ಊರಿಗೆ ಬಂದು ಕೂತ ಮೇಲೆ ಮಧ್ಯದಲ್ಲಿ ಸಿನಿಮಾ ಎಳೆಯುತ್ತದೆ. ಆ ಭಾಗದಲ್ಲಿ ಎಷ್ಟು ಜೋಕಿಗೆ ಭಾವ ನಕ್ಕರು ಅಂತ ನಾನು ಎಣಿಸಿದೆ. ಸೊನ್ನೆ. ಯಾಕೆಂದರೆ ಎರಡು ಹೋಳಿಗೆ ತಿಂದು ಅವರು ಆಗಲೇ ಗೊರಕೆ ಹೊಡೆಯುತ್ತಿದ್ದರು. ನಮ್ಮ ಹಿರಿಯರು ಹೊಗಳುತ್ತಿರುವ ಚರಂಡಿ ಕಾಳಗವನ್ನು ಈ ಸಲ ಅವರು ನೋಡಿಯೇ ಇಲ್ಲ.

ನಲ್ಲಿನೀರು
ಏನು! ಚರಂಡಿ ಬರೋ ಹೊತ್ತಿಗೆ ನಿದ್ದೆಯಾ?

ಹಳೇಟಾಕೀಸು
ನಿದ್ದೆ ಅಲ್ಲ ಸಾರ್. ಕಣ್ಣು ಮುಚ್ಚಿಕೊಂಡು ಹಿನ್ನೆಲೆ ಸಂಗೀತ ಕೇಳುತ್ತಿದ್ದೆ. ಎರಿಕ್ ರಾಜರ್ಸ್ ಅವರದು, ಬಹಳ ಚೆನ್ನಾಗಿದೆ.

ಸಪ್ಪೆ_ಅಂದವನು
ಎರಡಲ್ಲ, ಮೂರು ಹೋಳಿಗೆ ಅಂತೆ. ಅಕ್ಕ ಈಗ ತಿದ್ದಿದಳು.